ಬಾಯಿಂದ ಒಂದು ಗೇಣು

ಬಾಯಿಂದ ಕೆಳಗೆ ಒಂದು ಗೇಣು, ಅಂಗಿಯ ಎರಡನೆಯ ಗುಂಡಿ ಬರುವ ಹತ್ತಿರ: ಕಾಲರ್ ಮೈಕಿನ ಜಾಗ ಅದು. ಕಂಪನಿಯವರು ಡಬ್ಬಿಯ ಮೇಲೆ ಲ್ಯಾಪೆಲ್ ಎಂದೋ ಲ್ಯಾವಲಿಯರ್ ಎಂದೋ ಅಚ್ಚು ಹಾಕಿರುತ್ತಾರೆ. ಮದುವೆ ವಿಡಿಯೋದವರಿಂದ ಹಿಡಿದು ಸುದ್ದಿವಾಹಿನಿಯ ಕ್ಯಾಮೆರಾದವರವರೆಗೆ ಕರ್ನಾಟಕದಲ್ಲಿ ಅದು ಕಾಲರ್ ಮೈಕ್. ತೊಟ್ಟ ಬಟ್ಟೆಗೆ ಕಾಲರ್ ಇಲ್ಲದಿದ್ದರೂ, ಸೀರೆಯ ಸೆರಗಿಗೇ ಸಿಕ್ಕಿಸಿದರೂ ಹೆಸರು ಬದಲಾಗುವುದಿಲ್ಲ.

ಈ ಒಂದು ಗೇಣಿನ ಬೆಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಟ್ರೈಪಾಡಿನ ಮೇಲಿನ ಮೊಬೈಲು ಬಾಯಿಂದ 2 ಮೀಟರ್ ದೂರ, ಎದೆಯ ಮೇಲಿನ ಮೈಕು 20 ಸೆಂಟಿಮೀಟರ್ ದೂರ ಎಂದಿಟ್ಟುಕೊಂಡರೆ ದೂರದ ಅಂತರ ಹತ್ತು ಪಟ್ಟು, ಮಟ್ಟದ ಅಂತರ 20 ಡೆಸಿಬಲ್. ಧ್ವನಿಶಕ್ತಿಯ ಲೆಕ್ಕದಲ್ಲಿ ಅದು ನೂರು ಪಟ್ಟು. ತಲೆಯ ಮೇಲಿನ ಫ್ಯಾನು, ಬೀದಿಯ ಹಾರ್ನು, ಪಕ್ಕದ ಮನೆಯ ಮಿಕ್ಸಿ ಎರಡೂ ಮೈಕಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಕೇಳುತ್ತವೆ. ಮಾತು ಮಾತ್ರ ಹತ್ತಿರದ ಮೈಕಿಗೆ ನೂರು ಪಟ್ಟು ಹೆಚ್ಚು ಸಿಗುತ್ತದೆ. ಗೋಡೆಗೆ ಬಡಿದು ಬರುವ ಮಾರ್ದನಿಯ ಕಥೆಯೂ ಇದೇ. ಆರ್‌ಸಿಸಿ ಚಾವಣಿ, ನುಣುಪು ಟೈಲ್ಸ್, ಬರಿಗೋಡೆಯ ಈಗಿನ ಮನೆಗಳಲ್ಲಿ ಎರಡು ಮೀಟರ್ ದೂರದಿಂದ ಹಿಡಿದ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ದುಬಾರಿ ಮೈಕನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿದರೂ ಈ ಲೆಕ್ಕ ತಪ್ಪುವುದಿಲ್ಲ. ಅಂಥ ಕೋಣೆಯಲ್ಲಿ ಎದೆಯ ಮೇಲಿನ ಅಗ್ಗದ ಮೈಕೇ ಅದಕ್ಕಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಅಂದರೆ ಕೊಳ್ಳುತ್ತಿರುವ ಸರಕು ಸಾಮೀಪ್ಯ. ವೈರ್‌ಲೆಸ್ ಎಂಬುದು ಅದರ ಸಾಗಣೆ ಖರ್ಚು. ಈ ಖರ್ಚು ಬೇಕೇ ಎಂಬ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮುಂಚೆಯೇ ಕೇಳಿಕೊಳ್ಳಬೇಕು. ಅಂಗಡಿಯವರಂತೂ ಕೇಳುವುದಿಲ್ಲ.

ಕುರ್ಚಿಯಲ್ಲಿ ಕೂತು ಮಾತಾಡುವವರಿಗೆ ವೈರಿನ ಕಾಲರ್ ಮೈಕು ಸಾಕು. ಬೋಯಾ ಕಂಪನಿಯ ಬಿವೈ-ಎಂ1 ಎಂಬ ಮಾದರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದರ ವೈರು 6 ಮೀಟರ್ ಉದ್ದ. ಕ್ಯಾಮೆರಾಕ್ಕೂ ಮೊಬೈಲಿಗೂ ಹೊಂದಿಸುವ ಪುಟ್ಟ ಸ್ವಿಚ್ಚು ಅದಕ್ಕಿದೆ. ಯೂಟ್ಯೂಬಿನಲ್ಲಿ ಪಾಠ ಹೇಳುವ ಎಷ್ಟೋ ಮಂದಿಯ ಮೊದಲ ಮೈಕು ಇದೇ. ವೈರಿನಲ್ಲಿ ಸಿಗ್ನಲ್ ಕಡಿಯುವುದಿಲ್ಲ, ಎರಡು ಡಬ್ಬಿಗಳನ್ನು ಜೋಡಿ ಮಾಡುವ ತಾಪತ್ರಯವಿಲ್ಲ. ಅದೇ ಬೆಲೆಯ ವೈರ್‌ಲೆಸ್ ಸೆಟ್ಟಿಗಿಂತ ಇದರ ದನಿ ಎಷ್ಟೋ ಮೇಲು, ಏಕೆಂದರೆ ಕೊಟ್ಟ ಹಣವೆಲ್ಲ ಮೈಕಿಗೇ ಹೋಗಿರುತ್ತದೆ. ಇನ್ನೊಂದು ದಾರಿಯೂ ಉಂಟು. ವೈರಿನ ಮೈಕನ್ನು ಇನ್ನೊಂದು ಹಳೆಯ ಮೊಬೈಲಿಗೆ ಚುಚ್ಚಿ, ರೆಕಾರ್ಡಿಂಗ್ ಆ್ಯಪ್ ಹಚ್ಚಿ, ಜೇಬಿಗೆ ಇಳಿಬಿಡುವುದು. ಮಾತಾಡುವವರು ಹೊಲದ ಆ ಬದುವಿನವರೆಗೆ ನಡೆದು ಹೋಗಲಿ, ದನಿ ಅವರ ಜೇಬಿನಲ್ಲೇ ತುಂಬಿಕೊಳ್ಳುತ್ತಿರುತ್ತದೆ. ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿಸಿಕೊಂಡರೆ ಎಡಿಟಿಂಗ್‌ನಲ್ಲಿ ಚಿತ್ರಕ್ಕೂ ದನಿಗೂ ತಾಳೆ ಹಾಕುವುದು ಎರಡು ನಿಮಿಷದ ಕೆಲಸ.

ವೈರು ಆಗದ ಸಂದರ್ಭಗಳು ಇದ್ದೇ ಇವೆ. ಕಪ್ಪುಹಲಗೆಯ ಮುಂದೆ ಓಡಾಡುವ ಮೇಷ್ಟ್ರು, ಒಲೆಯಿಂದ ಸಿಂಕಿಗೆ ತಿರುಗುವ ಅಡುಗೆಯವರು, ಅಡಿಕೆ ತೋಟ ತೋರಿಸುತ್ತ ನಡೆಯುವ ರೈತರು, ಮಂಟಪದಲ್ಲಿ ಮಂತ್ರ ಹೇಳುವ ಪುರೋಹಿತರು. ಇವರಿಗೆ ವೈರು ಕಟ್ಟಿದರೆ ಕಾಲಿಗೆ ತೊಡರುತ್ತದೆ, ಇಲ್ಲವೇ ಕ್ಯಾಮೆರಾ ಮಗುಚುತ್ತದೆ. ಆಗ ಬೇಕಾಗುವುದು ಎರಡು ಡಬ್ಬಿ: ಮಾತಾಡುವವರ ಮೈಮೇಲೆ ಟ್ರಾನ್ಸ್‌ಮಿಟರ್, ಕ್ಯಾಮೆರಾ ಅಥವಾ ಮೊಬೈಲಿನ ಮೇಲೆ ರಿಸೀವರ್.

ಇವುಗಳ ನಡುವಿನ ದಾರಿ ಮುಖ್ಯವಾಗಿ ಎರಡು ಬಗೆ. ಹಳೆಯದು, ಈಗಲೂ ಟಿ.ವಿ. ಮತ್ತು ಸಿನಿಮಾದವರು ನೆಚ್ಚಿದ್ದು ಯುಎಚ್‌ಎಫ್. ಸೋನಿ, ಸೆನ್‌ಹೈಸರ್ ಕಂಪನಿಗಳ ಸೊಂಟಕ್ಕೆ ಸಿಕ್ಕಿಸುವ ಡಬ್ಬಿಗಳು ಈ ಜಾತಿಯವು. ಇದು ಟಿ.ವಿ. ಪ್ರಸಾರಕ್ಕೆಂದು ಎತ್ತಿಟ್ಟಿದ್ದ ತರಂಗಗಳ ವಲಯ. ಜಗತ್ತಿನಾದ್ಯಂತ ಇದರ ಮೇಲ್ಭಾಗವನ್ನು ಮೊಬೈಲ್ ಕಂಪನಿಗಳಿಗೆ ಬಿಟ್ಟುಕೊಡಲಾಗುತ್ತಿದೆ. ಅಮೆರಿಕದಲ್ಲಿ 2010ರಲ್ಲಿ 700 ಮೆಗಾಹರ್ಟ್ಸ್‌ನ ಮೈಕುಗಳನ್ನು, 2020ರಲ್ಲಿ 600 ಮೆಗಾಹರ್ಟ್ಸ್‌ನ ಬಹುಪಾಲು ಮೈಕುಗಳನ್ನು ನಿಷೇಧಿಸಿದರು. ಹಾಗಾಗಿ ವಿದೇಶದ ನೆಂಟರು ತಂದುಕೊಡುವ ಅಗ್ಗದ ಸೆಕೆಂಡ್‌ಹ್ಯಾಂಡ್ ಯುಎಚ್‌ಎಫ್ ಸೆಟ್ಟನ್ನು ಕಂಡು ಹಿಗ್ಗುವ ಮೊದಲು ಅದರ ಹಿಂಬದಿಯ ಚೀಟಿಯಲ್ಲಿ ಯಾವ ಮೆಗಾಹರ್ಟ್ಸ್ ಎಂದು ನೋಡಬೇಕು. ಭಾರತದಲ್ಲೂ ಈ ವಲಯಕ್ಕೆ ಪರವಾನಗಿಯ ನಿಯಮಗಳಿವೆ.

ಎರಡನೆಯದು 2.4 ಗಿಗಾಹರ್ಟ್ಸ್. ವೈಫೈ, ಬ್ಲೂಟೂತ್ ಓಡಾಡುವ ರಸ್ತೆಯೇ ಇದು. ಪರವಾನಗಿ ಬೇಡ, ಯಾವ ದೇಶಕ್ಕೆ ಒಯ್ದರೂ ನಡೆಯುತ್ತದೆ, ಡಬ್ಬಿಯನ್ನು ಬೆಂಕಿಪೊಟ್ಟಣಕ್ಕಿಂತ ಚಿಕ್ಕದು ಮಾಡಬಹುದು. 2019ರಲ್ಲಿ ಆಸ್ಟ್ರೇಲಿಯಾದ ರೋಡ್ ಕಂಪನಿ ವೈರ್‌ಲೆಸ್ ಗೋ ಎಂಬ 31 ಗ್ರಾಂ ತೂಕದ ಚೌಕ ಡಬ್ಬಿಯನ್ನು ಹೊರತಂದಿತು. ಮೈಕು ಡಬ್ಬಿಯೊಳಗೇ ಇತ್ತು. ಅದಾದ ಮೇಲೆ ಡಿಜೆಐ, ಹಾಲಿಲ್ಯಾಂಡ್, ಬೋಯಾ ಎಲ್ಲರೂ ಅದೇ ಅಚ್ಚಿನಲ್ಲಿ ಮಾಡತೊಡಗಿದರು. ಹಾಲಿಲ್ಯಾಂಡಿನ ಲಾರ್ಕ್ ಎಂ2 ಗುಂಡಿ 9 ಗ್ರಾಂ, 2024ರ ಕೊನೆಗೆ ಬಂದ ಡಿಜೆಐ ಮೈಕ್ ಮಿನಿ 10 ಗ್ರಾಂ.

ಡಬ್ಬಿಯ ಮೇಲೆ ಅಚ್ಚಾದ 200 ಮೀಟರ್, 400 ಮೀಟರ್ ಎಂಬ ಅಂಕಿಗಳು ಬಟ್ಟಬಯಲಿನವು. ಎರಡೂ ಡಬ್ಬಿ ಒಂದನ್ನೊಂದು ನೇರ ನೋಡುತ್ತಿರಬೇಕು, ನಡುವೆ ಏನೂ ಇರಬಾರದು, ಸುತ್ತ ವೈಫೈ ಇರಬಾರದು. ಬದುಕಿನಲ್ಲಿ ನಡುವೆ ಯಾವಾಗಲೂ ಒಂದು ವಸ್ತು ಇರುತ್ತದೆ: ಮನುಷ್ಯನ ಮೈ. ದೇಹದ ಅರ್ಧಕ್ಕಿಂತ ಹೆಚ್ಚು ನೀರು, ನೀರು 2.4 ಗಿಗಾಹರ್ಟ್ಸ್ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಆ ತರಂಗದ ಉದ್ದವೂ 12.5 ಸೆಂಟಿಮೀಟರ್ ಮಾತ್ರ, ಆಳನ್ನು ಬಳಸಿಕೊಂಡು ಆಚೆ ಹೋಗುವ ತಾಕತ್ತು ಅದಕ್ಕೆ ಕಡಿಮೆ. 500 ಮೆಗಾಹರ್ಟ್ಸ್‌ನ ಯುಎಚ್‌ಎಫ್ ತರಂಗ 60 ಸೆಂಟಿಮೀಟರ್ ಉದ್ದ. ಅದು ಹೆಚ್ಚು ಸಲೀಸಾಗಿ ಸುತ್ತಿ ಹೋಗುತ್ತದೆ. ಆದ್ದರಿಂದಲೇ ಮೇಷ್ಟ್ರು ಹಲಗೆಯತ್ತ ತಿರುಗಿ ಬರೆಯುತ್ತ ಮಾತಾಡಿದಾಗ ಅಗ್ಗದ ಮೈಕು ತೊದಲುತ್ತದೆ. ಟ್ರಾನ್ಸ್‌ಮಿಟರನ್ನು ಪ್ಯಾಂಟಿನ ಹಿಂಜೇಬಿನಲ್ಲಿಟ್ಟು ಕ್ಯಾಮೆರಾಕ್ಕೆ ಮುಖ ಮಾಡಿ ನಿಂತರೂ ಅದೇ ಫಲ. ಐನೂರು ಜನ, ಜೇಬಿನಲ್ಲಿ ಐನೂರು ಮೊಬೈಲು ಇರುವ ಕಲ್ಯಾಣಮಂಟಪದಲ್ಲಿ ಹತ್ತಿಪ್ಪತ್ತು ಮೀಟರ್ ಕಡಿಯದೆ ನಡೆದರೆ ಆ ಸೆಟ್ಟು ಚೆನ್ನಾಗಿದೆ ಎಂದೇ ತಿಳಿಯಬೇಕು. ಹೆಚ್ಚು ಮೀಟರ್ ಬರೆದ ಡಬ್ಬಿಗೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ರಿಸೀವರನ್ನು ಎತ್ತರದಲ್ಲಿಟ್ಟು ಟ್ರಾನ್ಸ್‌ಮಿಟರನ್ನು ಮೈಯ ಮುಂಭಾಗದಲ್ಲಿ ಇಡುವುದು ಒಳ್ಳೆಯದು.

ಬ್ಲೂಟೂತ್ ಮೈಕ್ ಎಂದು ಮಾರುವವನ್ನು ಇವುಗಳ ಜೊತೆ ಸೇರಿಸಬಾರದು. ಫೋನಿಗೆ ಕರೆಯ ಹೆಡ್‌ಸೆಟ್ಟಿನಂತೆ ಸೇರಿಕೊಳ್ಳುವ ಇಂಥ ಮೈಕುಗಳ ಸ್ಯಾಂಪಲ್ ರೇಟ್, ಅಂದರೆ ದನಿಯನ್ನು ಅಳೆದುಕೊಳ್ಳುವ ದರ, ಹೆಚ್ಚಾಗಿ ಸೆಕೆಂಡಿಗೆ 8,000 ಅಥವಾ 16,000 ಸಲ. ವಿಡಿಯೋದ ರೂಢಿ 48,000. ದರದ ಅರ್ಧದವರೆಗಿನ ದನಿ ಮಾತ್ರ ಉಳಿಯುವುದರಿಂದ 8,000ದ ಮೈಕಿನಲ್ಲಿ 4 ಕಿಲೋಹರ್ಟ್ಸ್ ಮೇಲಿನದೆಲ್ಲ ಮಾಯ. ಸಕಾರದ ಸೀಟಿ ಇರುವುದೇ ಹೆಚ್ಚಾಗಿ ಅಲ್ಲಿಂದ ಮೇಲೆ. ‘ಸಂಕರ’ ಎಂದರೋ ‘ಶಂಕರ’ ಎಂದರೋ ತಿಳಿಯದೆ ಹೋಗುತ್ತದೆ. ಉಳಿದ ಡಿಜಿಟಲ್ ಮೈಕುಗಳಲ್ಲಿ ದನಿ ತಲುಪಲು ಕೆಲವು ಮಿಲಿಸೆಕೆಂಡಿನಿಂದ ಇಪ್ಪತ್ತರ ಆಸುಪಾಸಿನವರೆಗೆ ತಡವಾಗುತ್ತದೆ. ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೋದಲ್ಲಿ ಒಂದೊಂದು ಚೌಕಟ್ಟೇ 40 ಮಿಲಿಸೆಕೆಂಡು, ಹಾಗಾಗಿ ತುಟಿಗೂ ಮಾತಿಗೂ ಅಂತರ ಕಾಣದು. ಹಾಡುವವರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವಾಗ ಮಾತ್ರ ಈ ತಡ ಕಾಡುತ್ತದೆ.

ಸಾಗಣೆಯಾಯಿತು, ಇನ್ನು ಸರಕು. ಬೇಳೆಕಾಳಿನಷ್ಟು ಮೈಕು ಸಾಧ್ಯವಾದದ್ದು ಎಲೆಕ್ಟ್ರೆಟ್ ತಂತ್ರದಿಂದ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ವಿದ್ಯುದಾವೇಶವನ್ನು ಬಹುಕಾಲ ಬಿಟ್ಟುಕೊಡದ ತೆಳುಪೊರೆಯ ಮೈಕನ್ನು ರೂಪಿಸಿದರು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಟಿ.ವಿ. ನಿರೂಪಕರು ಬೆರಳು ಗಾತ್ರದ ಮೈಕನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಲ್ಯಾವಲಿಯರ್ ಎಂಬ ಹೆಸರು, ಮೂಲತಃ ಕೊರಳ ಪದಕದ್ದು, ಅದಕ್ಕೆ ಅಂಟಿದ್ದು ಹಾಗೆ.

ಪ್ರತಿ ಮೈಕಿಗೂ ತನ್ನದೇ ಒಂದು ‘ಸ್ಸ್’ ಎಂಬ ಒಳಸದ್ದು ಇರುತ್ತದೆ. ಡಬ್ಬಿಯ ಹಿಂದೆ ಸಿಗ್ನಲ್-ನಾಯ್ಸ್ ಅನುಪಾತ 65 ಡೆಸಿಬಲ್ ಎಂದಿದ್ದರೆ, ಅಳತೆಯ ರೂಢಿಯಾದ 94ರಿಂದ ಅದನ್ನು ಕಳೆಯಬೇಕು. ಉಳಿಯುವ 29 ಡೆಸಿಬಲ್ಲೇ ಒಳಸದ್ದು. ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ನಾಟಕ ಮತ್ತು ಚಲನಚಿತ್ರದವರು ಬಳಸುವ ಡೆನ್ಮಾರ್ಕಿನ ಡಿಪಿಎ 4060 ಮೈಕಿನಲ್ಲಿ ಅದು 23. ಮಾತು ಒಂದು ಗೇಣಿನ ದೂರದಲ್ಲಿ 70 ಡೆಸಿಬಲ್ ಆಚೀಚೆ ಇರುವುದರಿಂದ 29 ಇದ್ದರೂ ತೊಂದರೆಯಿಲ್ಲ. ಮೆಲುದನಿಯಲ್ಲಿ ಮಾತಾಡುವ ಅಜ್ಜಿಯ ಮುಂದೆ, ಸದ್ದಿಲ್ಲದ ಹಳ್ಳಿಮನೆಯಲ್ಲಿ, ಅದು ಕೇಳಲಾರಂಭಿಸುತ್ತದೆ.

ಕಾಲರ್ ಮೈಕುಗಳಲ್ಲಿ ಬಹುಪಾಲು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಕೇಳುವಂಥವು. ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮಾದರಿಯೂ ಸಿಗುತ್ತದೆ, ಸುತ್ತಲ ಗಲಾಟೆ ಕಡಿಮೆಯಾಗುತ್ತದೆಂದು ಜನ ಅದಕ್ಕೆ ಮರುಳಾಗುತ್ತಾರೆ. ಮಾತಾಡುವವರು ತಲೆ ತಿರುಗಿಸಿದೊಡನೆ ದನಿ ಬಿದ್ದುಹೋಗುತ್ತದೆ, ಬಟ್ಟೆಯ ಸದ್ದು, ಗಾಳಿಯ ಸದ್ದು, ಬಾಯಿಯ ಊದು ಎಲ್ಲವೂ ಹೆಚ್ಚುತ್ತವೆ. ಸಭಾಭವನದಲ್ಲಿ ಸ್ಪೀಕರಿನಿಂದ ಕೂಗು ಏಳುವ ಭಯವಿದ್ದಾಗ ಮಾತ್ರ ಅದು ಬೇಕು. ರೆಕಾರ್ಡಿಂಗಿಗೆ ಬೇಡ. ಪ, ಬ ಮತ್ತು ಮಹಾಪ್ರಾಣಗಳ ಊದು ಎಲ್ಲ ದಿಕ್ಕಿನ ಮೈಕಿಗೆ ಅಷ್ಟಾಗಿ ತಟ್ಟುವುದಿಲ್ಲ. ‘ಫಲ’, ‘ಭಾಷೆ’ ಎಂದು ಒತ್ತಿ ಹೇಳುವ ಹಳೆಯ ಶೈಲಿಯ ಭಾಷಣಕಾರರಿಗೆ ಆ ಮೈಕನ್ನೂ ತಲೆಕೆಳಗಾಗಿ ಸಿಕ್ಕಿಸುವ ರೂಢಿಯಿದೆ. ದನಿಯಲ್ಲಿ ವ್ಯತ್ಯಾಸವಾಗದು, ಊದು ಮಾತ್ರ ತಪ್ಪುತ್ತದೆ. ಎದೆಯ ಮೇಲಿನ ಮೈಕಿಗೆ ಇನ್ನೊಂದು ಸ್ವಭಾವ: ಎದೆಗೂಡಿನ ಅನುರಣನದಿಂದ 800 ಹರ್ಟ್ಸ್ ಸುತ್ತ ದನಿ ಉಬ್ಬುತ್ತದೆ, ಗಲ್ಲದ ನೆರಳಿನಿಂದ 3–4 ಕಿಲೋಹರ್ಟ್ಸ್‌ನಲ್ಲಿ ತಗ್ಗುತ್ತದೆ. ಒಳ್ಳೆಯ ಮೈಕಿನ ತಯಾರಕರು ಮೇಲಿನ ಸ್ತರಗಳನ್ನು ತುಸು ಎತ್ತಿಯೇ ಕೊಟ್ಟಿರುತ್ತಾರೆ. ಅಗ್ಗದ್ದರಲ್ಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿದಂತೆ ಕೇಳುವುದು ಈ ತಗ್ಗಿನಿಂದ.

ಈಗ ಮಾರಾಟದ ಮುಖ್ಯ ಮಂತ್ರವಾಗಿರುವ ನಾಯ್ಸ್ ಕ್ಯಾನ್ಸಲೇಶನ್ ಬಗ್ಗೆ ತುಸು ನಿಂತು ನೋಡಬೇಕು, ಏಕೆಂದರೆ ಕನ್ನಡಕ್ಕೆ ಅದರಿಂದ ಇಂಗ್ಲಿಷಿಗಿಂತ ಹೆಚ್ಚಿನ ಹಾನಿಯಿದೆ. ಮೈಕಿನೊಳಗಿನ ಚಿಪ್ಪು ಜೋರಾಗಿದ್ದುದು ಮಾತು, ಮೆತ್ತಗೆ ಒಂದೇ ಸಮನೆ ಇರುವುದು ಗದ್ದಲ ಎಂದು ಊಹಿಸಿ ಎರಡನೆಯದನ್ನು ಕತ್ತರಿಸುತ್ತದೆ. ಕನ್ನಡದ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಗಂಡೋ ಹೆಣ್ಣೋ, ಒಬ್ಬರೋ ಹಲವರೋ, ಆಯಿತೋ ಆಗಬೇಕೋ, ಹೌದೋ ಇಲ್ಲವೋ ಎಲ್ಲವೂ ಅದರ ಬಾಲದಲ್ಲಿವೆ. ‘ಹೋಗ್ತಾನೆ’, ‘ಹೋಗ್ತಾಳೆ’ ಇವುಗಳ ನಡುವೆ ಇರುವುದು ಒಂದು ವ್ಯಂಜನ. ಮಾತಾಡುವವರ ಉಸಿರು ಮುಗಿದು ದನಿ ಇಳಿಯುವುದೂ ಸರಿಯಾಗಿ ಅಲ್ಲೇ. ಪರಿಹಾರದ ಹಣದ ಬಗ್ಗೆ ಹೇಳುತ್ತಿರುವ ಹಿರಿಯರೊಬ್ಬರು ‘ಇವತ್ತಿನವರೆಗೂ ಒಂದು ರೂಪಾಯಿ ನಮ್ಮ ಕೈಗೆ ಕೊಟ್ಟಿಲ್ಲ’ ಎಂದರೆ ‘ರೂಪಾಯಿ’ಯವರೆಗೆ ಏರಿದ ದನಿ ‘ಕೊಟ್ಟಿಲ್ಲ’ದ ಹೊತ್ತಿಗೆ ಅರ್ಧವಾಗಿರುತ್ತದೆ. ಅಗ್ಗದ ಚಿಪ್ಪು ಅದನ್ನು ಫ್ಯಾನಿನ ಸದ್ದೆಂದು ಬಗೆದು ನುಂಗಿದರೆ ಉಳಿಯುವುದು ‘ಕೊಟ್ಟಿ…’ ಎಂಬಷ್ಟು. ಮಾತಿನ ಮುಖ್ಯ ಅಂಶವೇ ಕಾಣೆ. ಇದೇ ಮೈಕುಗಳಲ್ಲಿ ಇರುವ ತಾನಾಗಿ ಮಟ್ಟ ಸರಿಹೊಂದಿಸುವ ಏರ್ಪಾಡು ಇದಕ್ಕೆ ತದ್ವಿರುದ್ಧ. ಮಾತು ನಿಂತ ಕೂಡಲೇ ಅದು ಸುತ್ತಲ ಸದ್ದನ್ನು ಎತ್ತಿ ಹಿಡಿಯುತ್ತದೆ. ಎರಡೂ ಸೇರಿದರೆ ಅಲೆಯಂತೆ ಏರಿಳಿಯುವ ಒಂದು ವಿಚಿತ್ರ ಉಬ್ಬಸ ರೆಕಾರ್ಡಾಗುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ತೆಗೆಯಲಾಗದು. ಗದ್ದಲ ತೆಗೆಯುವ ಕೆಲಸವನ್ನು ಎಡಿಟಿಂಗ್‌ಗೆ ಬಿಡಬಹುದು. ಅಲ್ಲಿ ಹೆಚ್ಚಾಯಿತೆನಿಸಿದರೆ ಹಿಂದಕ್ಕೆ ತರುವ ಅವಕಾಶವಿದೆ. ಕೊಳ್ಳುವಾಗ ನೋಡಬೇಕಾದದ್ದು ಕ್ಯಾನ್ಸಲೇಶನ್ ಇದೆಯೇ ಎಂಬುದಕ್ಕಿಂತ ಅದನ್ನು ಪೂರ್ತಿ ಆಫ್ ಮಾಡಬಹುದೇ ಎಂಬುದನ್ನು. ಸಾವಿರದೊಳಗಿನ ಕೆ8, ಕೆ9 ಎಂಬ ಹೆಸರಿನ ಸೆಟ್ಟುಗಳಲ್ಲಿ ಅದು ಸಾಮಾನ್ಯವಾಗಿ ಕೊಳ್ಳುವವರ ಕೈಯಲ್ಲಿರುವುದಿಲ್ಲ.

ಗಾಳಿಗೆ ಉಪಾಯ ಹಳೆಯದು: ಸ್ಪಂಜಿನ ಟೋಪಿ ಸಾಕಾಗದು, ಮೊಲದ ಮರಿಯಂತೆ ಕಾಣುವ ತುಪ್ಪಳದ ಟೋಪಿ ಬೇಕು. ಬಯಲಿಗೆ ಮಾತ್ರ ಅಂದುಕೊಂಡು ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ, ಆದರೆ ಸೀಲಿಂಗ್ ಫ್ಯಾನಿನ ಕೆಳಗೂ ಅದು ಬೇಕಾಗುತ್ತದೆ. ಫ್ಯಾನು ಆಫ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದು ಆಗದ ಮಾತು.

ಬಟ್ಟೆಯ ಸದ್ದಿಗೆ ಟೋಪಿಯೊಂದೇ ಸಾಲದು. ಅದನ್ನು ತಪ್ಪಿಸುವುದು ಸಿಕ್ಕಿಸುವವರ ಕೈಚಳಕ. ಹೊಸ ರೇಷ್ಮೆ ಸೀರೆ, ಗಂಜಿ ಹಾಕಿದ ಹತ್ತಿ ಸೀರೆ ಇವೆರಡೂ ಉಸಿರಾಡಿದರೂ ಸರಭರ ಎನ್ನುತ್ತವೆ. ಹತ್ತು ಸಲ ಒಗೆದ ಮೆತ್ತನೆ ಬಟ್ಟೆ ಮೈಕಿಗೆ ಪ್ರಿಯ. ಸೀರೆಯುಟ್ಟವರಿಗೆ ಮೈಕು ಸಿಕ್ಕಿಸುವಾಗ ಸೆರಗಿನ ನಡುಭಾಗಕ್ಕೆ ಹಾಕಿದರೆ ಅದು ಜೋಲುತ್ತದೆ, ತಿರುಗಿ ನೆಲ ನೋಡುತ್ತದೆ. ಪಿನ್ನು ಹಾಕಿದ ಭುಜದ ಹತ್ತಿರ ಹಾಕಿದರೆ ದನಿ ಒಂದೇ ಪಕ್ಕಕ್ಕೆ ವಾಲುತ್ತದೆ, ಮುಖ ಆಚೆ ತಿರುಗಿದಾಗ ಕುಗ್ಗುತ್ತದೆ. ಎದೆಯ ಮೇಲೆ ಹಾಯುವ ಸೆರಗಿನ ಅಂಚು, ಅಲ್ಲವಾದರೆ ರವಿಕೆಯ ಕೊರಳಂಚು ಸರಿಯಾದ ಜಾಗ. ಮಾಂಗಲ್ಯದ ಸರವೂ ಅಲ್ಲೇ ಓಲಾಡುತ್ತಿರುತ್ತದೆ. ಅದನ್ನು ಸೆರಗಿನ ಒಳಗೆ ಇಳಿಬಿಡಲು ಕೇಳಿಕೊಳ್ಳಬಹುದು; ಅವರು ಒಲ್ಲೆನೆಂದರೆ ಮೈಕನ್ನೇ ಎರಡು ಅಂಗುಲ ಪಕ್ಕಕ್ಕೆ ಸರಿಸಬೇಕು. ಬಳೆಯ ಸದ್ದು ಬೇರೆ. ಅದು ಮಾತಿನ ಜೊತೆಗಿನದು, ಇದ್ದರೂ ಕಿವಿಗೆ ಹಿತ.

ವೈರಿನ ತುದಿಯ ಪುಟ್ಟ ಮೈಕಾದರೆ ಟ್ರಾನ್ಸ್‌ಮಿಟರ್ ಡಬ್ಬಿಗೆ ಜೇಬು ಬೇಕು. ಸೀರೆಗೆ ಜೇಬಿಲ್ಲ. ಸೊಂಟದಲ್ಲಿ ನೆರಿಗೆಯ ಪಕ್ಕ, ಲಂಗದ ಲಾಡಿಗೆ ಸಿಕ್ಕಿಸುವುದು ಎಲ್ಲೆಡೆಯ ವಾಡಿಕೆ, ಅದನ್ನು ಮಾಡಲು ತಂಡದಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ಎಲ್ಲರಿಗೂ ನಿರಾಳ. ಈ ಕಾರಣಕ್ಕೇ ಹಳ್ಳಿಗಳಲ್ಲಿ ಸೋಬಾನೆ, ಬೀಸುವ ಪದ ಹಾಡುವವರ ರೆಕಾರ್ಡಿಂಗಿಗೆ ಗುಂಡಿ ಮಾದರಿಯ 10 ಗ್ರಾಂ ಡಬ್ಬಿಗಳು ವರವಾಗಿವೆ. 30 ಗ್ರಾಂ ಡಬ್ಬಿ ತೆಳು ಬಟ್ಟೆಯನ್ನು ಜಗ್ಗಿ ಮುಂದಕ್ಕೆ ಬಾಗುತ್ತದೆ. ಇವುಗಳ ಜೊತೆ ಬರುವ ಅಯಸ್ಕಾಂತದ ಬಿಲ್ಲೆಯನ್ನು ಬಟ್ಟೆಯ ಒಳಗಿಟ್ಟು ಹೊರಗಿನಿಂದ ಮೈಕು ಅಂಟಿಸಬಹುದು, ಕ್ಲಿಪ್ಪಿಗೆ ಅಂಚೇ ಬೇಡ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಮಾತ್ರ ಅದನ್ನು ಬಳಸಲೇಬಾರದು. ಅಯಸ್ಕಾಂತವನ್ನು ಆ ಯಂತ್ರದಿಂದ 15 ಸೆಂಟಿಮೀಟರಾದರೂ ದೂರ ಇಡಬೇಕೆಂಬುದು ವೈದ್ಯರ ಸೂಚನೆ, ಕಾಲರ್ ಮೈಕಿನ ಜಾಗ ಅದರ ನೆರೆಯಲ್ಲೇ ಇದೆ. ಹಿರಿಯರನ್ನು ಮಾತಾಡಿಸುವಾಗ ಇದನ್ನು ಮೊದಲು ಕೇಳಿಕೊಳ್ಳಬೇಕು.

ಅಂಗಿಯವರಿಗೆ ಮೈಕನ್ನು ಬಚ್ಚಿಡಬೇಕಾದರೆ ಔಷಧಿ ಅಂಗಡಿಯ ಪೇಪರ್ ಟೇಪು ಸಾಕು. ಒಂದು ತುಂಡನ್ನು ಅಂಟು ಹೊರಗಿರುವಂತೆ ತ್ರಿಕೋನವಾಗಿ ಮಡಚಿ, ಮೈಕಿನ ಎರಡೂ ಮಗ್ಗುಲಿಗೆ ಒಂದೊಂದು ಇಟ್ಟರೆ ಬಟ್ಟೆ ಮೈಕಿನ ಮೇಲೆ ಜಾರುವ ಬದಲು ಅದರ ಜೊತೆಗೇ ಅಲುಗುತ್ತದೆ. ವೈರನ್ನು ಒಂದು ಸುತ್ತು ಉಂಗುರ ಮಾಡಿ ಕ್ಲಿಪ್ಪಿನಲ್ಲಿ ಹಿಡಿಸಿದರೆ ಕೆಳಗಿನ ಎಳೆತದ ಸದ್ದು ಮೇಲೆ ಏರದು. ಎದೆಕಟ್ಟು ತೊಟ್ಟ ಯಕ್ಷಗಾನ ವೇಷಕ್ಕಾದರೆ ಇದ್ಯಾವುದೂ ನಡೆಯದು. ನಾಟಕದವರು ಕೂದಲಂಚಿಗೆ ಕೂರಿಸುವಂತೆ ಮೈಕನ್ನು ಹಣೆಯ ಮೇಲಕ್ಕೆ ಒಯ್ಯಬೇಕು.

ರಿಸೀವರಿನಿಂದ ಮೊಬೈಲಿಗೆ ಇರುವ ಎರಡಂಗುಲ ದಾರಿಯಲ್ಲಿ ಹಾಳಾಗುವ ರೆಕಾರ್ಡಿಂಗುಗಳೇ ಹೆಚ್ಚೇನೋ. 3.5 ಮಿಲಿಮೀಟರ್ ಪಿನ್ನಿನ ಮೇಲೆ ಕಪ್ಪು ಉಂಗುರ ಎರಡಿದ್ದರೆ ಅದು ಕ್ಯಾಮೆರಾದ್ದು, ಮೂರಿದ್ದರೆ ಮೊಬೈಲಿನದು. ಅದಲುಬದಲಾದರೆ ಪಿನ್ನು ಸಲೀಸಾಗಿ ಒಳಹೋಗುತ್ತದೆ, ದನಿ ಮಾತ್ರ ಬರುವುದಿಲ್ಲ. ಈಗ ಯುಎಸ್‌ಬಿ-ಸಿ ಪಿನ್ನಿನ ರಿಸೀವರುಗಳೇ ರೂಢಿ. 2023ರ ಐಫೋನ್ 15ರಿಂದ ಈಚೆಗೆ ಆ್ಯಪಲ್ ಕೂಡ ಅದನ್ನೇ ಒಪ್ಪಿದೆ, ಅದಕ್ಕಿಂತ ಹಳೆಯವಕ್ಕೆ ಲೈಟ್ನಿಂಗ್ ಪಿನ್ನು ಬೇರೆ. ಕೆಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ ಒಟಿಜಿ ಎಂಬುದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡದ ಹೊರತು ರಿಸೀವರಿಗೆ ಜೀವವೇ ಬಾರದು. ಇನ್ನು ಕೆಲವು ಕ್ಯಾಮೆರಾ ಆ್ಯಪ್‌ಗಳು ಹೊರಗಿನ ಮೈಕು ಚುಚ್ಚಿದ್ದರೂ ಮೊಬೈಲಿನ ಒಳಮೈಕಿನಿಂದಲೇ ರೆಕಾರ್ಡ್ ಮಾಡಿಕೊಳ್ಳುತ್ತವೆ. ಓಪನ್ ಕ್ಯಾಮೆರಾ, ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್‌ಗಳಲ್ಲಿ ಯಾವ ಮೈಕು ಎಂದು ಆರಿಸಬಹುದು. ತಿಳಿಯುವ ದಾರಿ ಸುಲಭ. ರೆಕಾರ್ಡಿಂಗ್ ಹಚ್ಚಿ, ಎದೆಯ ಮೇಲಿನ ಮೈಕನ್ನು ಉಗುರಿನಿಂದ ಮೆಲ್ಲಗೆ ಗೀರಿ, ತಿರುಗಿ ಕೇಳುವುದು. ಗೀರಿದ್ದು ಜೋರಾಗಿ ಕೇಳಿದರೆ ಸರಿ.

ಮಟ್ಟದ ವಿಷಯದಲ್ಲಿ ಹಿಂಜರಿಕೆಯೇ ಒಳಿತು. ಡಿಜಿಟಲ್ ಅಳತೆಯಲ್ಲಿ ಸೊನ್ನೆಯೇ ಗೋಡೆ. ಮಾತು ಮೈನಸ್ 18ರಿಂದ ಮೈನಸ್ 12ರ ನಡುವೆ ಆಡುತ್ತಿದ್ದು, ನಗು ಬಂದಾಗ ಮೈನಸ್ 6ರ ಹತ್ತಿರ ಹೋದರೆ ಸಾಕು. ಗೋಡೆಗೆ ಬಡಿದ ದನಿ ಒಡೆಯುತ್ತದೆ, ಮತ್ತೆ ಸೇರುವುದಿಲ್ಲ. ಕ್ಯಾಮೆರಾಕ್ಕೆ ಜೋಡಿಸುವಾಗ ರಿಸೀವರಿನ ಮಟ್ಟ ಮೇಲಿಟ್ಟು ಕ್ಯಾಮೆರಾದ ಮಟ್ಟ ಆದಷ್ಟು ಕೆಳಗಿಡಬೇಕು, ಕ್ಯಾಮೆರಾದೊಳಗಿನ ಧ್ವನಿ ಬಿಡಿಭಾಗಗಳಿಗೆ ಒಳಸದ್ದು ಹೆಚ್ಚು. ಸೇಫ್ಟಿ ಟ್ರ್ಯಾಕ್ ಎಂಬ ಸೌಲಭ್ಯ ಅದೇ ಮಾತನ್ನು ಇನ್ನೊಂದು ಚಾನೆಲಿನಲ್ಲಿ ಕೆಲವು ಡೆಸಿಬಲ್ ತಗ್ಗಿಸಿ ಬರೆದಿಡುತ್ತದೆ. ಏಕಾಏಕಿ ಕೂಗುವ ಮಕ್ಕಳು, ರಾಜಕಾರಣಿಗಳು ಇರುವಲ್ಲಿ ಉಪಯೋಗಕ್ಕೆ ಬರುತ್ತದೆ. 32-ಬಿಟ್ ಫ್ಲೋಟ್ ಎಂಬ ಹೊಸ ವಿಧಾನದಲ್ಲಿ ಕಡತಕ್ಕೆ ಗೋಡೆಯೇ ಇಲ್ಲ, ಆಮೇಲೆ ತಗ್ಗಿಸಿಕೊಂಡರಾಯಿತು. ಮೈಕಿನ ಪೊರೆಗೆ ಮಾತ್ರ ಮಿತಿಯಿದೆ. ಡೊಳ್ಳಿನ ಮುಂದೆ ಪೊರೆಯೇ ಸೋತರೆ ಫ್ಲೋಟ್ ಕಾಯುವುದಿಲ್ಲ.

ಇದಕ್ಕಿಂತ ದೊಡ್ಡ ರಕ್ಷಣೆ ಟ್ರಾನ್ಸ್‌ಮಿಟರಿನ ಒಳಗೇ ರೆಕಾರ್ಡಾಗುವುದು. ಗಾಳಿಯಲ್ಲಿ ಸಿಗ್ನಲ್ ಕಡಿದರೂ ಎದೆಯ ಮೇಲಿನ ಡಬ್ಬಿಯಲ್ಲಿ ಮಾತು ಇಡಿಯಾಗಿ ಇರುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಚಾನೆಲಿಗೆ ಗಂಟೆಗೆ ಅರ್ಧ ಜಿಬಿಗಿಂತ ಚೂರು ಹೆಚ್ಚು ಜಾಗ ಬೇಕು. 8 ಜಿಬಿ ಇರುವ ಮೊದಲ ಡಿಜೆಐ ಮೈಕಿನಲ್ಲಿ 14 ಗಂಟೆ ಹಿಡಿಸುತ್ತದೆ. ಮದುವೆ, ನ್ಯಾಯದಾನದ ಪಂಚಾಯಿತಿ, ಕೊನೆಯ ಸಲ ಮಾತಾಡಬಹುದಾದ ವಯೋವೃದ್ಧರ ಸಂದರ್ಶನ, ಮತ್ತೊಮ್ಮೆ ಹೇಳಿ ಎನ್ನಲಾಗದ ಇಂಥ ಕಡೆ ಬೇರೆ ಯಾವ ಸೌಲಭ್ಯಕ್ಕೂ ಮುಂಚೆ ಇದಕ್ಕೆ ದುಡ್ಡು ಕೊಡುವುದು ಜಾಣತನ. ಡಿಜೆಐಯದೇ ಆದ 2024ರ ಮೈಕ್ ಮಿನಿಯಲ್ಲಿ ಇದು ಇಲ್ಲ, ಹೊರಗಿನ ಪುಟ್ಟ ಮೈಕು ಚುಚ್ಚುವ ತೂತೂ ಇಲ್ಲ. ಹತ್ತು ಗ್ರಾಂ ತೂಕಕ್ಕಾಗಿ ಬಿಟ್ಟುಕೊಟ್ಟದ್ದು ಅವನ್ನು.

ಬ್ಯಾಟರಿಯ ಬಗ್ಗೆ ಡಬ್ಬಿ ಹೇಳುವುದು ಹೊಸತಿನ ಮಾತು. ಗುಂಡಿ ಮೈಕುಗಳ ಲಿಥಿಯಂ ಬ್ಯಾಟರಿ ಒಳಗೇ ಬೆಸೆದಿರುತ್ತದೆ, ಕೆಲವು ವರ್ಷಗಳ ಬಳಕೆಯಲ್ಲಿ ಏಳು ಗಂಟೆಯದು ನಾಲ್ಕಕ್ಕೆ ಇಳಿದರೆ ಬದಲಿಸುವ ದಾರಿಯಿಲ್ಲ. ಯುಎಚ್‌ಎಫ್‌ನ ಹಳೆಯ ಮಾದರಿಗಳು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತವೆ. ಜಾತ್ರೆಯ ನಡುವೆ ಸತ್ತರೂ ಎದುರಿನ ಅಂಗಡಿಯಲ್ಲಿ ಸೆಲ್ಲು ಸಿಗುತ್ತದೆ. ಅವುಗಳ ಬೆಲೆ ಅರ್ಧ ಲಕ್ಷದ ಸುತ್ತಮುತ್ತ. ದಿನಾ ದುಡಿಯುವವರಿಗೆ ಅದು ದುಬಾರಿಯಲ್ಲ, ವಾರಕ್ಕೊಂದು ಅಡುಗೆ ವಿಡಿಯೋ ಮಾಡುವವರಿಗೆ ಅನಗತ್ಯ. ಹತ್ತರಿಂದ ಹದಿನೈದು ಸಾವಿರದೊಳಗೆ ಎರಡು ಟ್ರಾನ್ಸ್‌ಮಿಟರಿನ, ಹೆಸರುಳ್ಳ ಕಂಪನಿಯ ಸೆಟ್ಟುಗಳಿವೆ. ಹೆಚ್ಚಿನ ಮನೆ ಕೆಲಸ, ಪಾಠ, ಸಂದರ್ಶನಗಳಿಗೆ ಅಷ್ಟು ಸಾಕು. ಒಳಗೇ ರೆಕಾರ್ಡಾಗುವ ಮಾದರಿಗೆ ಅದರ ಇಮ್ಮಡಿಯ ಹತ್ತಿರ ಇಡಬೇಕು. ಇಬ್ಬರ ಮಾತಿಗೆ ಎರಡು ಮೈಕು ಬೇಕೇ ಬೇಕು. ಒಂದೇ ಮೈಕನ್ನು ನಡುವೆ ಇಟ್ಟರೆ ಆ ಗೇಣಿನ ಲೆಕ್ಕ ಇಬ್ಬರಿಗೂ ತಪ್ಪುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಲ್ಲೇ ಆಗಲಿ, ಆನ್‌ಲೈನಿನಲ್ಲಿ ತರಿಸಿ ವಾಪಸು ಮಾಡುವ ಗಡುವು ಮುಗಿಯುವ ಮುಂಚೆಯೇ ಆಗಲಿ, ಪರೀಕ್ಷೆ ಸ್ವಂತ ಮೊಬೈಲಿನಲ್ಲೇ ನಡೆಯಬೇಕು. ‘ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ’ ಎಂಬುದರಿಂದ ಏನೂ ತಿಳಿಯದು, ಅದರಲ್ಲಿ ಕನ್ನಡದ ಒಂದು ಕಷ್ಟವೂ ಇಲ್ಲ. ಸ, ಶ, ಪ, ಭ ಇರುವ, ಇಲ್ಲ ಎಂದು ಮುಗಿಯುವ ನಾಲ್ಕು ಉದ್ದ ವಾಕ್ಯಗಳನ್ನು ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಬೇಕು: ಮೊದಲು ಕ್ಯಾಮೆರಾಕ್ಕೆ ಮುಖ ಮಾಡಿ, ಆಮೇಲೆ ಬೆನ್ನು ಮಾಡಿ ಹದಿನೈದು ಹೆಜ್ಜೆ ನಡೆಯುತ್ತ, ಕೊನೆಗೆ ಓಡುತ್ತಿರುವ ಫ್ಯಾನಿನ ಕೆಳಗೆ. ಹತ್ತು ಸೆಕೆಂಡು ಸುಮ್ಮನಿದ್ದು ಅದನ್ನೂ ರೆಕಾರ್ಡ್ ಮಾಡಬೇಕು, ಒಳಸದ್ದು ಸಿಗುವುದು ಅಲ್ಲಿ. ಕೇಳುವಾಗ ಮೊಬೈಲಿನ ಸ್ಪೀಕರು ಸಾಲದು, ಕಿವಿ ಮುಚ್ಚುವ ಹೆಡ್‌ಫೋನು ಬೇಕು. ನಡೆಯುತ್ತ ಹೇಳಿದ ವಾಕ್ಯದ ಕೊನೆಯ ‘ಇಲ್ಲ’ ಪೂರ್ತಿ ಕೇಳಿದರೆ ಬಿಲ್ಲು ಹಾಕಿಸಬಹುದು.